ಮನೆ ಹೊಲಿಗೆಗೆ ಯಾವ ಓವರ್‌ಲಾಕ್? ಕೊಳ್ಳುವವರಿಗೂ ಮಾರುವವರಿಗೂ ಕೆಲವು ಲೆಕ್ಕಗಳು

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಚೀಲದ ಬಾಯಿ ಹೊಲಿಯುವ ಕೈಯಂತ್ರವನ್ನು ಬಲ್ಲ ವರ್ತಕರಿಗೆ ಓವರ್‌ಲಾಕ್ ಯಂತ್ರದ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೀಲ ಹೊಲಿಯುವ ಯಂತ್ರದಲ್ಲಿ ಬಾಬಿನ್ ಇರುವುದಿಲ್ಲ. ಸೂಜಿಯ ದಾರವನ್ನು ಲೂಪರ್ ಎಂಬ ಕೊಕ್ಕೆ ಹಿಡಿದು ಸರಪಳಿಯಂತೆ ಹೆಣೆಯುತ್ತ ಹೋಗುತ್ತದೆ. ಸರಿಯಾದ ತುದಿಯನ್ನು ಹಿಡಿದೆಳೆದರೆ ಚೀಲದ ಬಾಯಿ ಒಮ್ಮೆಲೇ ಬಿಚ್ಚಿಕೊಳ್ಳುವುದೂ ಅದೇ ಕಾರಣದಿಂದ. ಓವರ್‌ಲಾಕ್ ಯಂತ್ರವೂ ಇದೇ ಕುಲಕ್ಕೆ ಸೇರಿದುದು. ಅದರಲ್ಲಿ ಎರಡು ಲೂಪರ್‌ಗಳು ಬಟ್ಟೆಯ ಅಂಚಿನ ಮೇಲೊಂದು, ಕೆಳಗೊಂದು ದಾರ ಹಾಯಿಸಿ ಸೂಜಿಯ ದಾರದೊಡನೆ ಬೆಸೆಯುತ್ತವೆ. ಅದಕ್ಕೆ ತುಸು ಮೊದಲೇ ಪಕ್ಕದ ಜೋಡಿ ಚಾಕು ಅಂಚನ್ನು ಕತ್ತರಿಸಿ ಸಮಗೊಳಿಸಿರುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಹೆಣಿಗೆ ಕಾರ್ಖಾನೆ ನಡೆಸುತ್ತಿದ್ದ ಮೆರೋ ಕುಟುಂಬ 1881ರಲ್ಲಿ ಈ ಬಗೆಯ ಯಂತ್ರವನ್ನು ರೂಪಿಸಿತು. ಮನೆಬಳಕೆಯ ಚಿಕ್ಕ ಮಾದರಿಗಳು 1960ರ ದಶಕದಲ್ಲಿ ಜಪಾನಿನಿಂದ ಹೊರಬಂದವು. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ಸರ್ಜರ್ ಎಂಬ ಹೆಸರೂ ಉಂಟು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಮನೆ ಹೊಲಿಗೆಗೆ ಈ ಯಂತ್ರ ಏಕೆ ಬೇಕೆಂಬುದನ್ನು ಇಲ್ಲಿನ ಬಟ್ಟೆಯೇ ಹೇಳುತ್ತದೆ. ಕುಷ್ಟಗಿಗೆ ನೆರೆಯ ಇಳಕಲ್ಲಿನ ಸೀರೆಯೊಡನೆ ಗುಳೇದಗುಡ್ಡದ ಖಣದ ಕುಪ್ಪಸ ತೊಡುವುದು ಈ ಸೀಮೆಯ ರೂಢಿ. ಖಣವಾದರೋ ಕತ್ತರಿ ತಾಗಿದೊಡನೆ ಎಳೆ ಬಿಡುವ ಬಟ್ಟೆ. ಅಂಚು ಕಟ್ಟದ ಕುಪ್ಪಸ ನಾಲ್ಕು ಒಗೆತಕ್ಕೆ ಹೊಲಿಗೆಯವರೆಗೂ ಸವೆದು ಬರುತ್ತದೆ. ಸಿದ್ಧ ಉಡುಪು ಕೊಂಡು ಅಭ್ಯಾಸವಾದ ಗಿರಾಕಿ ಇಂದು ಬಟ್ಟೆಯನ್ನು ಒಳಮೈ ತಿರುಗಿಸಿ ನೋಡುತ್ತಾನೆ. ಎಳೆ ಜೋತಾಡುತ್ತಿದ್ದರೆ ಮಜೂರಿಯಲ್ಲಿ ಚೌಕಾಸಿ ಆರಂಭವಾಗುತ್ತದೆ. ಊರಿನಲ್ಲಿ ಓವರ್‌ಲಾಕ್ ಇಲ್ಲದಿದ್ದರೆ ಹೊಲಿಯುವ ಹೆಣ್ಣುಮಗಳು ಕತ್ತರಿಸಿದ ತುಂಡುಗಳನ್ನು ಗಂಟು ಕಟ್ಟಿಕೊಂಡು ಬಸ್ಸು ಹಿಡಿದು ಪೇಟೆಗೆ ಬರಬೇಕು. ಬಸ್ಸಿನ ದರ, ಅರ್ಧ ದಿನದ ಕೆಲಸ, ಅಂಗಡಿಯವನಿಗೆ ಕೊಡುವ ಕೂಲಿ ಇವು ಮೂರೂ ಅವಳ ಮಜೂರಿಯಿಂದಲೇ ಕಡಿತವಾಗುತ್ತವೆ. ಜೂನ್ ತಿಂಗಳ ಶಾಲಾ ಸಮವಸ್ತ್ರ, ನಾಗರ ಪಂಚಮಿ, ದೀಪಾವಳಿ, ಮದುವೆಯ ತಿಂಗಳುಗಳಲ್ಲಿ ಈ ಕಡಿತ ಇನ್ನೂ ದೊಡ್ಡದು. ಆದ್ದರಿಂದಲೇ ಸಾಲ ಮಾಡಿಯಾದರೂ ಸ್ವಂತ ಯಂತ್ರ ಕೊಳ್ಳುವ ಆಸೆ. ಆಸೆಯಿಂದ ತಂದ ಯಂತ್ರ ಆರು ತಿಂಗಳಲ್ಲಿ ಮೂಲೆ ಸೇರಿ, ಕಂತು ಮಾತ್ರ ನಡೆಯುತ್ತಿರುವುದೂ ಅಪರೂಪವಲ್ಲ. ಇದಕ್ಕೆ ಬಹುಪಾಲು ಯಂತ್ರ ಕೆಟ್ಟದ್ದೆಂಬುದು ಕಾರಣವಲ್ಲ, ಕೆಲಸಕ್ಕೆ ತಕ್ಕ ಯಂತ್ರವಾಗಿರಲಿಲ್ಲ ಎಂಬುದೇ ಕಾರಣ.

ಹೆಸರಿನ ಗೊಂದಲ

ತೊಡಕು ಹೆಸರಿನಿಂದಲೇ ಶುರುವಾಗುತ್ತದೆ. ಓವರ್‌ಲಾಕನ್ನೇ ಅನೇಕರು ‘ಇಂಟರ್‌ಲಾಕ್’ ಎಂದು ಕರೆಯುತ್ತಾರೆ. ಸೀರೆಯ ಅಂಚಿಗೆ ಹಾಕುವ ಪಿಕೋ ಬೇರೆ, ಅದನ್ನು ಜಿಗ್‌ಜಾಗ್ ಹೊಲಿಗೆಯ ಪ್ರತ್ಯೇಕ ಯಂತ್ರ ಮಾಡುತ್ತದೆ. ಟೀ ಶರ್ಟಿನ ಕೆಳಅಂಚಿನಲ್ಲಿ ಮೇಲೆ ಎರಡು ಸಾಲು, ಒಳಗೆ ಜಾಲರಿಯಂತೆ ಕಾಣುವ ಹೊಲಿಗೆ ಫ್ಲಾಟ್‌ಲಾಕ್ ಯಂತ್ರದ್ದು. ಓವರ್‌ಲಾಕ್ ಇವೆರಡನ್ನೂ ಮಾಡುವುದಿಲ್ಲ. ಕೆಲವು ಮಾದರಿಗಳಲ್ಲಿ ಅಂಚನ್ನು ಸುರುಳಿ ಸುತ್ತಿ ಹೊಲಿಯುವ ಸೌಲಭ್ಯವಿದ್ದು, ಅದು ದುಪ್ಪಟ್ಟಾ ಅಂಚಿಗೆ ಒದಗುತ್ತದೆ. ಆದರೆ ಪಿಕೋ ಮತ್ತು ಫಾಲ್ ಕೆಲಸವನ್ನೇ ನಂಬಿದವಳಿಗೆ ಮೊದಲು ಬೇಕಾದುದು ಜಿಗ್‌ಜಾಗ್ ಯಂತ್ರ. ಇದನ್ನು ಮಾರುವ ಮೊದಲೇ ಹೇಳುವ ಅಂಗಡಿಕಾರ ಒಂದು ಮಾರಾಟ ಕಳೆದುಕೊಂಡಂತೆ ಕಂಡರೂ ಊರಿನ ಹತ್ತು ಗಿರಾಕಿಗಳನ್ನು ಉಳಿಸಿಕೊಳ್ಳುತ್ತಾನೆ.

ಎಳೆಗಳ ಲೆಕ್ಕ

ಮೂರೆಳೆ, ನಾಲ್ಕೆಳೆ, ಐದೆಳೆ ಎಂಬ ವಿಂಗಡಣೆಯಲ್ಲಿ ಹೆಚ್ಚು ಎಳೆಯೆಂದರೆ ಹೆಚ್ಚು ಉತ್ತಮ ಎಂಬ ಭಾವನೆ ಸಲ್ಲದು. ಮೂರೆಳೆ ಯಂತ್ರ ಅಂಚನ್ನು ಮುಚ್ಚುತ್ತದೆ. ನೇಯ್ದ ಬಟ್ಟೆಯ ಜೋಡಣೆಗೆ ಸಾದಾ ಯಂತ್ರದ ನೇರ ಹೊಲಿಗೆ ಬೇಕೇ ಬೇಕು. ಕುಪ್ಪಸ, ಚೂಡಿದಾರ, ಲಂಗ, ನೈಟಿ ಹೊಲಿಯುವ ಮನೆಗೆ ಇಷ್ಟು ಸಾಕು. ನಾಲ್ಕೆಳೆಯಲ್ಲಿ ಎರಡು ಸೂಜಿಗಳಿದ್ದು ಹೊಲಿಗೆ ಹಿಗ್ಗಿದರೂ ಹರಿಯದು. ಹೊಸೈರಿ, ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್‌ಗಳಿಗೆ ಇದೇ ಸರಿ. ಐದೆಳೆ ಯಂತ್ರ ಅಂಚು ಮುಚ್ಚುವುದರ ಜೊತೆಗೆ ಪಕ್ಕದಲ್ಲೇ ಸರಪಳಿ ಹೊಲಿಗೆಯನ್ನೂ ಹಾಕಿ ಜೋಡಣೆಯನ್ನು ಮುಗಿಸಿಬಿಡುತ್ತದೆ. ಗಟ್ಟಿ ಬಟ್ಟೆಯನ್ನು ರಾಶಿಯಾಗಿ ಹೊಲಿಯುವ ಘಟಕಗಳಿಗೆ ಇದು ಒಪ್ಪುತ್ತದೆ. ನೆರೆಯ ಬಳ್ಳಾರಿಯ ಜೀನ್ಸ್ ಉದ್ಯಮವನ್ನು ನೋಡಿ ಬಂದವರು ಮನೆಗೂ ಅದನ್ನೇ ತರಲು ಹೊರಡುವುದುಂಟು. ಆದರೆ ಕುಪ್ಪಸದ ಕಂಕುಳ ತಿರುವಿನಲ್ಲಿ, ಮುಂದೆ ಬಿಚ್ಚಿ ಅಗಲ ಮಾಡಿಕೊಡಬೇಕಾದ ಹೊಲಿಗೆಯಲ್ಲಿ ಐದೆಳೆ ತೊಂದರೆಯೇ ಹೊರತು ಅನುಕೂಲವಲ್ಲ. ಇಲ್ಲಿನ ಗಿರಾಕಿ ಕುಪ್ಪಸದ ಒಳಗೆ ಬಟ್ಟೆ ಬಿಡಿಸಿಕೊಳ್ಳುವವಳು ಎಂಬುದನ್ನು ಮರೆಯುವಂತಿಲ್ಲ.

ದಾರದ ಖರ್ಚನ್ನು ಯಂತ್ರ ಕೊಳ್ಳುವ ದಿನ ಯಾರೂ ಎಣಿಸುವುದಿಲ್ಲ. ದಾರ ತಯಾರಕರು ಬಳಸುವ ಅಂದಾಜಿನಂತೆ ಒಂದು ಮೀಟರ್ ಉದ್ದದ ಸಾದಾ ಹೊಲಿಗೆಗೆ ಸುಮಾರು 2.5 ಮೀಟರ್ ದಾರ ಬೇಕು. ಮೂರೆಳೆ ಓವರ್‌ಲಾಕಿಗೆ 14, ನಾಲ್ಕೆಳೆಗೆ 18, ಐದೆಳೆಗೆ 20 ಮೀಟರ್. ಒಂದು ಉಡುಪಿನಲ್ಲಿ 6 ಮೀಟರ್ ಅಂಚು ಎಂದಿಟ್ಟುಕೊಂಡರೆ ಮೂರೆಳೆಗೆ 84 ಮೀಟರ್, ಅದರ ಜೊತೆಗಿನ ನೇರ ಹೊಲಿಗೆಗೆ 15 ಮೀಟರ್, ಒಟ್ಟು 99 ಆಯಿತು. ಅದೇ ಕೆಲಸ ಐದೆಳೆಯಲ್ಲಿ 120 ಮೀಟರ್ ತಿನ್ನುತ್ತದೆ. ಸಾದಾ ಯಂತ್ರದ ಚಿಕ್ಕ ರೀಲು ಓವರ್‌ಲಾಕಿಗೆ ಕಟ್ಟುಬೀಳುವುದಿಲ್ಲ, ಕೋನುಗಳೇ ಆಗಬೇಕು. ಅದೂ ಒಂದು ಬಣ್ಣಕ್ಕೆ ಮೂರು ಅಥವಾ ನಾಲ್ಕು. ಅನುಭವಸ್ಥರು ಬಿಳಿ, ಕಪ್ಪು, ಕೆಂಪು, ಕಂದು ಹೀಗೆ ನಾಲ್ಕೈದು ಬಣ್ಣಗಳಲ್ಲೇ ಇಡೀ ವರ್ಷ ಸಾಗಿಸುತ್ತಾರೆ.

ಬಿಡಿ ಮನೆಗಳಿಗೆ ಜಾಬ್ ವರ್ಕ್ ಕೊಡುವ ಸಣ್ಣ ಉತ್ಪಾದಕರು ಇಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. ಸಮವಸ್ತ್ರದ ಒಂದೇ ಆರ್ಡರನ್ನು ಹತ್ತು ಮನೆಗೆ ಹಂಚಿದಾಗ ಒಂದು ಮನೆಯಲ್ಲಿ ಮೂರೆಳೆ, ಮತ್ತೊಂದರಲ್ಲಿ ನಾಲ್ಕೆಳೆ, ಹೊಲಿಗೆಯ ಅಗಲವೂ ಬೇರೆ ಬೇರೆಯಾದರೆ ಮಾಲು ಒಂದೇ ಸಮನಾಗಿ ಕಾಣದು. ಮಾಲು ತಿರುಗಿ ಬಂದ ಮೇಲೆ ಜಗಳವಾಡುವುದಕ್ಕಿಂತ ಮೊದಲೇ ನಮೂನೆಯ ತುಂಡೊಂದನ್ನು ಪ್ರತಿ ಮನೆಗೂ ಕೊಟ್ಟಿರುವುದು ಲೇಸು.

ವೇಗದ ಮೋಹ

ಮನೆಬಳಕೆಯ ಓವರ್‌ಲಾಕ್ ನಿಮಿಷಕ್ಕೆ ಸುಮಾರು 1,300 ಹೊಲಿಗೆ ಹಾಕಿದರೆ ಕಾರ್ಖಾನೆಯದು 5,500 ದಾಟುತ್ತದೆ. ನಾಲ್ಕು ಪಟ್ಟು ವೇಗ! ಆದರೆ ಇದನ್ನು ದಿನದ ಕೆಲಸಕ್ಕೆ ಹಚ್ಚಿ ನೋಡಬೇಕು. ಸೆಂಟಿಮೀಟರಿಗೆ ನಾಲ್ಕು ಹೊಲಿಗೆಯಂತೆ 6 ಮೀಟರಿಗೆ 2,400 ಹೊಲಿಗೆ. ದಿನಕ್ಕೆ 15 ಉಡುಪುಗಳಾದರೆ ಚಿಕ್ಕ ಯಂತ್ರ ಒಟ್ಟು 28 ನಿಮಿಷ ಓಡುತ್ತದೆ, ದೊಡ್ಡದು ಏಳು ನಿಮಿಷ. ಉಳಿದದ್ದು 21 ನಿಮಿಷ. ಬಟ್ಟೆ ಹೊಂದಿಸುವ, ತಿರುಗಿಸುವ, ದಾರ ಬದಲಿಸುವ ಸಮಯ ಎರಡಕ್ಕೂ ಒಂದೇ. ಬಿಡಿ ಗಿರಾಕಿಯ ಕೆಲಸದಲ್ಲಿ ಈ 21 ನಿಮಿಷಕ್ಕಾಗಿ ಭಾರವಾದ ಮೇಜು, ದೊಡ್ಡ ಮೋಟಾರು, ಒಂದು ಕೋಣೆಯ ಜಾಗ ಕೊಡುವುದು ದುಬಾರಿಯೇ. ಅದೇ ದಿನಕ್ಕೆ ನೂರು ಸಮವಸ್ತ್ರ ಮುಗಿಸಬೇಕಾದಲ್ಲಿ ಮೂರು ಗಂಟೆಯ ಎದುರು ಮುಕ್ಕಾಲು ಗಂಟೆ ಎಂದಾಗುತ್ತದೆ. ಅಲ್ಲಿ ಕಾರ್ಖಾನೆಯ ಯಂತ್ರದ ಬಗ್ಗೆ ಎರಡು ಮಾತಿಲ್ಲ. ಚಿಕ್ಕ ಯಂತ್ರವನ್ನು ದಿನವಿಡೀ ಓಡಿಸಿದರೆ ಅದು ಬಾಳಿಕೆ ಬಾರದು ಎಂಬುದೂ ನಿಜ.

ಪೇಟೆಯಲ್ಲಿ ದೊರೆಯುವುದು ಮುಖ್ಯವಾಗಿ ಮೂರು ಬಗೆ. ಚಿಕ್ಕ ಮೋಟಾರಿನಿಂದಲೋ ಕಾಲಿನಿಂದಲೋ ನಡೆಯುವ ಮೂರೆಳೆಯ ಕಬ್ಬಿಣದ ಸಣ್ಣ ಯಂತ್ರ ಒಂದು. ಅದು ಸದ್ದು ಮಾಡುತ್ತದೆ, ದಿನವೂ ಕೈಯಿಂದ ಎಣ್ಣೆ ಬೇಡುತ್ತದೆ, ಹಿಗ್ಗುವ ಬಟ್ಟೆಯನ್ನು ಅಲೆಯಲೆಯಾಗಿಸುತ್ತದೆ; ಆದರೂ ಬೆಲೆಯಲ್ಲಿ ಅಗ್ಗ, ಯಾವ ಮಿಸ್ತ್ರಿಯಾದರೂ ಬಿಚ್ಚಿ ಜೋಡಿಸಬಲ್ಲ. ಎರಡನೆಯದು ಮೇಜಿನ ಮೇಲಿಡುವ, ಮೂರು ಮತ್ತು ನಾಲ್ಕೆಳೆ ಎರಡಕ್ಕೂ ಒಗ್ಗುವ ಹಗುರ ಯಂತ್ರ. ಇದರ ಹಲ್ಲು ಎರಡು ಭಾಗವಾಗಿದ್ದು ಹಿಂದುಮುಂದಿನ ಹಲ್ಲುಗಳ ವೇಗವನ್ನು ಬೇರೆ ಬೇರೆ ಮಾಡಬಹುದು. ಡಿಫರೆನ್ಷಿಯಲ್ ಫೀಡ್ ಎಂದು ಕರೆಯುವ ಈ ಸೌಲಭ್ಯದಿಂದ ಹೊಸೈರಿ ಅಲೆಯಾಗದು, ತೆಳು ಬಟ್ಟೆ ನೆರಿಗೆಗಟ್ಟದು. ಮೂರನೆಯದು ಕಾರ್ಖಾನೆಯ ಯಂತ್ರ. ವಿಚಿತ್ರವೆಂದರೆ ಎರಡನೆಯ ಮತ್ತು ಮೂರನೆಯ ಬಗೆಗಳ ಬೆಲೆ ಅನೇಕ ವೇಳೆ ಹತ್ತಿರ ಹತ್ತಿರ ಇರುತ್ತದೆ. ಅಷ್ಟೇ ಹಣಕ್ಕೆ ದೊಡ್ಡದು ಬರುವಾಗ ಚಿಕ್ಕದೇಕೆ ಎಂಬ ಪ್ರಶ್ನೆ ಅಲ್ಲಿಯೇ ಹುಟ್ಟುತ್ತದೆ. ಅದಕ್ಕೆ ಉತ್ತರ ಮೇಲಿನ ಲೆಕ್ಕದಲ್ಲಿದೆ.

ವಿದ್ಯುತ್ತಿನ ಮಾತು ಇಷ್ಟು. ಹಳೆಯ ಕ್ಲಚ್ ಮೋಟಾರು ಹೊಲಿಯದಿದ್ದಾಗಲೂ ತಿರುಗುತ್ತಲೇ ಇರುತ್ತದೆ. ಸರ್ವೋ ಮೋಟಾರು ಪೆಡಲು ಒತ್ತಿದಾಗ ಮಾತ್ರ ತಿರುಗುತ್ತದೆ. ಕಲಿಯುವವಳು ವೇಗವನ್ನು ತಗ್ಗಿಸಿಕೊಳ್ಳಲೂಬಹುದು. ಆದರೆ ಸರ್ವೋದ ವಿದ್ಯುನ್ಮಾನ ಹಲಗೆಗೆ ಹಳ್ಳಿಯ ವೋಲ್ಟೇಜ್ ಏರಿಳಿತ ಆಗಿಬರುವುದಿಲ್ಲವಾದ್ದರಿಂದ ಸ್ಟೆಬಿಲೈಸರಿನ ಬೆಲೆಯನ್ನೂ ಯಂತ್ರದ ಬೆಲೆಗೆ ಸೇರಿಸಿಕೊಳ್ಳಬೇಕು. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಸೌಲಭ್ಯ ಗೃಹಬಳಕೆಗೆ ಸೀಮಿತ, ಅದಕ್ಕೆ ಯೂನಿಟ್ಟುಗಳ ಮಿತಿಯೂ ಇದೆ. ಹಲವು ಯಂತ್ರಗಳನ್ನಿಟ್ಟು ಜಾಬ್ ವರ್ಕ್ ನಡೆಸುವವರು ಸಂಪರ್ಕದ ವರ್ಗವನ್ನು ಜೆಸ್ಕಾಂ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ರಿಪೇರಿ ಯಾರು ಮಾಡುವರು?

ಆಯ್ಕೆಯ ನಿಜವಾದ ಒರೆಗಲ್ಲು ಇದು. ಓವರ್‌ಲಾಕ್ ಕೆಡುವುದು ಸಾಮಾನ್ಯವಾಗಿ ಮೂರು ಕಡೆ: ಚಾಕು ಮೊಂಡಾಗುತ್ತದೆ, ಲೂಪರಿನ ತುದಿ ಮುರಿಯುತ್ತದೆ, ಇಲ್ಲವೇ ಸೂಜಿ ಮತ್ತು ಲೂಪರುಗಳ ಹೊಂದಾಣಿಕೆ ತಪ್ಪುತ್ತದೆ. ಬಟ್ಟೆಯಲ್ಲಿ ಮರೆತ ಒಂದು ಗುಂಡುಪಿನ್ನು ಸಾಕು, ಮೂರೂ ಒಟ್ಟಿಗೆ ಆಗಬಹುದು. ಚಾಕು, ಲೂಪರುಗಳು ಮಾದರಿಯಿಂದ ಮಾದರಿಗೆ ಬದಲಾಗುತ್ತವೆ. ಸೂಜಿಯೂ ಹಾಗೆಯೇ: ಮನೆಬಳಕೆಯ ಕೆಲವು ಯಂತ್ರಗಳು ಸಾದಾ ಹೊಲಿಗೆ ಯಂತ್ರದ ಎಚ್‌ಎ×1 ಸೂಜಿಯನ್ನೇ ಒಪ್ಪುತ್ತವೆ, ಕಾರ್ಖಾನೆಯವು ಡಿಸಿ×27 ಬೇಡುತ್ತವೆ. ಒಂದರ ಸೂಜಿ ಇನ್ನೊಂದಕ್ಕೆ ಹತ್ತದು. ಎಷ್ಟೇ ಹೆಸರಾಂತ ಯಂತ್ರವಾಗಲಿ, ಅದರ ಚಾಕು ಕೊಪ್ಪಳದಲ್ಲೋ ಗಂಗಾವತಿಯಲ್ಲೋ ಸಿಗದೆ ಹುಬ್ಬಳ್ಳಿ, ಬೆಂಗಳೂರುಗಳಿಂದ ಬರಬೇಕಾದರೆ ಜೂನ್ ತಿಂಗಳ ಮಧ್ಯೆ ಆ ಮನೆಯ ದುಡಿಮೆ ನಿಂತಂತೆಯೇ. ಅಂತರಜಾಲದಲ್ಲಿ ಸಾವಿರ ರೂಪಾಯಿ ಕಡಿಮೆಗೆ ಬರುವ ಯಂತ್ರದ ಎದುರು ಸ್ಥಳೀಯ ಅಂಗಡಿಕಾರ ನಿಲ್ಲಬಲ್ಲದ್ದು ಇಲ್ಲಿಯೇ. ತಾನು ಮಾರುವ ಎರಡೇ ಮಾದರಿಗಳ ಚಾಕು, ಲೂಪರ್, ಸೂಜಿಗಳನ್ನು ದಾಸ್ತಾನಿಟ್ಟು, ಕುಷ್ಟಗಿ ಹಾಗೂ ಯಲಬುರ್ಗಾಗಳಿಗೆ ತಿಂಗಳಿಗೊಮ್ಮೆ ಮಿಸ್ತ್ರಿಯನ್ನು ಕಳುಹಿಸುವವನ ವ್ಯಾಪಾರಕ್ಕೆ ಹತ್ತು ಮಾದರಿ ಜೋಡಿಸಿಟ್ಟವನ ವ್ಯಾಪಾರ ಸರಿಗಟ್ಟದು.

ಹಣದ ವಿಷಯದಲ್ಲಿ ಎರಡು ಅನುಕೂಲಗಳಿವೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಸೇರಿದೆ. ತರಬೇತಿಯೊಡನೆ 15,000 ರೂ. ವರೆಗಿನ ಉಪಕರಣ ಪ್ರೋತ್ಸಾಹಧನ, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂ. ವರೆಗೆ ಸಾಲ ಅದರಲ್ಲಿದೆ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಅವಕಾಶ. ಇನ್ನೊಂದು, ಹೊಲಿಗೆ ಯಂತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದರೆ ಬಿಲ್ಲಿನಲ್ಲಿ ಕೇಳಿ ಸರಿಪಡಿಸಿಕೊಳ್ಳುವ ಹಕ್ಕು ಗಿರಾಕಿಗಿದೆ.

ಗಾರ್ಮೆಂಟ್ ಕಾರ್ಖಾನೆಗಳು ಬದಲಿಸಿದ ಹಳೆಯ ಯಂತ್ರಗಳೂ ಅಗ್ಗಕ್ಕೆ ದೊರೆಯುತ್ತವೆ. ಮೋಟಾರು ಮೂರು ಫೇಸಿನದೋ ಒಂದು ಫೇಸಿನದೋ ಎಂದು ಮೊದಲು ನೋಡಬೇಕು; ಅನಂತರ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಎಲ್ಲಿಯಾದರೂ ಬಿಗಿಯುತ್ತದೆಯೇ, ಸೂಜಿಯ ದಂಡ ಅಲುಗುತ್ತದೆಯೇ ಎಂದು. ಓಡುವಾಗ ಎಣ್ಣೆಯ ಕಿಂಡಿಯಲ್ಲಿ ಎಣ್ಣೆ ಚಿಮ್ಮದಿದ್ದರೆ ಪಂಪು ಹೋಗಿದೆಯೆಂದೇ ತಿಳಿಯಬೇಕು.

ಹೊಸದಾಗಲಿ ಹಳೆಯದಾಗಲಿ ಅಂಗಡಿಯವನು ಕೊಡುವ ಬಿಳಿ ಚಿಂದಿಯ ಮೇಲೆ ಹೊಲಿದು ನೋಡಿದರೆ ಏನೂ ತಿಳಿಯುವುದಿಲ್ಲ. ಎಲ್ಲ ಯಂತ್ರಗಳೂ ಆ ಚಿಂದಿಯ ಮೇಲೆ ಚೆನ್ನಾಗಿಯೇ ಹೊಲಿಯುತ್ತವೆ. ಒಂದು ತುಂಡು ಖಣ, ಒಂದು ತುಂಡು ಸಮವಸ್ತ್ರದ ಬಟ್ಟೆ, ಒಂದು ತುಂಡು ಹಳೆಯ ಬನಿಯನ್ನು ಮನೆಯಿಂದಲೇ ಒಯ್ಯಬೇಕು. ಮೂರರ ಮೇಲೂ ಹೊಲಿದ ಬಳಿಕ ಎಲ್ಲ ದಾರಗಳನ್ನೂ ಕತ್ತರಿಸಿ ತೆಗೆದು, ಕೊಳ್ಳುವವಳೇ ಮೊದಲಿನಿಂದ ಪೋಣಿಸಿ ನೋಡಬೇಕು. ಓವರ್‌ಲಾಕಿನಲ್ಲಿ ಪೋಣಿಸುವ ಕ್ರಮ ತಪ್ಪಿದರೆ ಹೊಲಿಗೆ ಕೂಡುವುದಿಲ್ಲ. ಮೂಲೆ ಸೇರಿದ ಯಂತ್ರಗಳಲ್ಲಿ ಎಷ್ಟೋ ಮೊದಲ ಸಲ ದಾರ ಕಿತ್ತ ದಿನವೇ ನಿಂತಂಥವು. ಅಂಗಡಿಯಲ್ಲಿ ಎರಡು ಸಲ ತಾನೇ ಪೋಣಿಸಿದ ಮೇಲೆಯೇ ಹಣ ಎಣಿಸಿಕೊಡುವುದು ಕ್ಷೇಮ.