ಕೌಶಲ ಇಲ್ಲದ್ದಕ್ಕೇ ಕೆಲಸ ಇಲ್ಲವೆ?

‘ಕೆಲಸ ಬೇಕಾದಷ್ಟಿದೆ, ಕೆಲಸ ಬಲ್ಲವರೇ ಸಿಗುತ್ತಿಲ್ಲ.’ ಸಣ್ಣ ಕಾರ್ಖಾನೆಯ ಮಾಲೀಕರಿಂದ ಹಿಡಿದು ಸಚಿವರವರೆಗೆ ಎಲ್ಲರ ಬಾಯಲ್ಲೂ ಈ ಮಾತಿದೆ. ಅರ್ಧ ನಿಜವೂ ಹೌದು. 2023-24ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 29 ವರ್ಷದವರ ಪೈಕಿ ಔಪಚಾರಿಕವಾಗಿ ವೃತ್ತಿ ತರಬೇತಿ ಪಡೆದವರು ಶೇ 4.9 ಮಾತ್ರ. ಇದರ ಹಲವು ಪಟ್ಟು ಜನ ಅಪ್ಪನ ಗ್ಯಾರೇಜಿನಲ್ಲೋ ಮೇಸ್ತ್ರಿಯ ಕೈಕೆಳಗೋ ಕೆಲಸ ಕಲಿತಿದ್ದಾರೆ. ಕೈ ಪಳಗಿದೆ, ತೋರಿಸಲು ಕಾಗದವಿಲ್ಲ.

ಉಳಿದರ್ಧವನ್ನು ನೋಡೋಣ. ಕೌಶಲದ ಕೊರತೆಯಿಂದಲೇ ನಿರುದ್ಯೋಗ ಎನ್ನುವುದಾದರೆ ಏನೂ ಕಲಿಯದವರೇ ಹೆಚ್ಚು ನಿರುದ್ಯೋಗಿಗಳಾಗಿರಬೇಕಿತ್ತು. ಲೆಕ್ಕ ತಿರುಗಾಮುರುಗಾ ಆಗಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊತೆಗೂಡಿ ತಂದ 2024ರ ಭಾರತ ಉದ್ಯೋಗ ವರದಿಯನ್ನು ತೆರೆದರೆ, 2022ರಲ್ಲಿ ಓದುಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4, ಪದವೀಧರರಲ್ಲಿ ಶೇ 29.1. ಓದದವನಿಗೆ ಮನೆಯಲ್ಲಿ ಕೂರುವ ಅನುಕೂಲವೇ ಇಲ್ಲ. ಗಾರೆ ಕೆಲಸಕ್ಕೋ ಲೋಡಿಂಗಿಗೋ ಹೋಗುತ್ತಾನೆ, ‘ಉದ್ಯೋಗಿ’ ಎಂದು ಲೆಕ್ಕಕ್ಕೆ ಸೇರುತ್ತಾನೆ. ಓದಿದವನು ತನ್ನ ಓದಿಗೆ ತಕ್ಕ ಸಂಬಳಕ್ಕೆ ಕಾಯುತ್ತಾನೆ. ಹಾಗಾಗಿ ಒಳ್ಳೆಯ ಕೆಲಸದ ಕೊರತೆಯೂ ಇಲ್ಲಿದೆ. ತಿಂಗಳಿಗೆ ಹನ್ನೆರಡು ಸಾವಿರ ಕೊಟ್ಟು, ಹನ್ನೆರಡು ಗಂಟೆ ದುಡಿಸಿ, ಆರು ತಿಂಗಳಿಗೆ ಬಿಟ್ಟುಹೋದರು ಎಂದು ಗೊಣಗುವ ಮಾಲೀಕರ ಸಮಸ್ಯೆಯನ್ನು ಯಾವ ತರಬೇತಿ ಕೇಂದ್ರವೂ ಬಗೆಹರಿಸಲಾರದು.

‘ಮುಂದೆ ಯಾವ ಕೆಲಸಕ್ಕೆ ಬೇಡಿಕೆ ಎಂದು ಮೊದಲೇ ಲೆಕ್ಕ ಹಾಕಿದರೆ ಸಾಕು’

ನನಗೆ ಅತಿ ಹೆಚ್ಚು ಕುತೂಹಲ ಹುಟ್ಟಿಸುವ ನಂಬಿಕೆ ಇದು, ಏಕೆಂದರೆ ನಾವಿದನ್ನು ಅರುವತ್ತು ವರ್ಷಗಳಿಂದ ಪರೀಕ್ಷಿಸುತ್ತಲೇ ಬಂದಿದ್ದೇವೆ. ಯೋಜನೆಗಳ ಕಾಲದಲ್ಲಿ ದೇಶಕ್ಕೆ ಎಷ್ಟು ಎಂಜಿನಿಯರುಗಳು ಬೇಕಾಗುತ್ತಾರೆಂದು ಅಂದಾಜು ಮಾಡಲಾಯಿತು. ಅದಕ್ಕೆಂದೇ 1962ರಲ್ಲಿ ದೆಹಲಿಯಲ್ಲಿ ಮಾನವಶಕ್ತಿ ಸಂಶೋಧನಾ ಸಂಸ್ಥೆಯೊಂದು ಹುಟ್ಟಿತು. ಭಾರಿ ಕೊರತೆ ಬರಲಿದೆ ಎಂದು ಸೀಟು ಹೆಚ್ಚಿಸಿದರು. ಆ ಲೆಕ್ಕದಲ್ಲಿ 1965ರ ಯುದ್ಧ ಇರಲಿಲ್ಲ, ಅದರ ಬೆನ್ನಿಗೇ ಬಂದ ಬರಗಾಲ ಇರಲಿಲ್ಲ, ಪಂಚವಾರ್ಷಿಕ ಯೋಜನೆಗೇ ಮೂರು ವರ್ಷ ರಜೆ ಬೀಳುತ್ತದೆಂಬುದೂ ಇರಲಿಲ್ಲ. 1968ರ ಹೊತ್ತಿಗೆ ಎಂಜಿನಿಯರುಗಳು ಕೆಲಸವಿಲ್ಲದೆ ಅಲೆಯುತ್ತಿದ್ದರು, ಸರ್ಕಾರ ಕಾಲೇಜುಗಳ ಪ್ರವೇಶವನ್ನು ಕಡಿತ ಮಾಡಿತು.

ಪಾಠ ಕಲಿತೆವೆ? 2009ರ ರಾಷ್ಟ್ರೀಯ ಕೌಶಲ ನೀತಿ 2022ರೊಳಗೆ 50 ಕೋಟಿ ಜನರಿಗೆ ಕೌಶಲ ಕೊಡುವ ಗುರಿ ಹಾಕಿಕೊಂಡಿತು. ಆಗ ದೇಶದಲ್ಲಿ ದುಡಿಯುವವರ ಒಟ್ಟು ಸಂಖ್ಯೆಯೇ 50 ಕೋಟಿಗಿಂತ ಕಡಿಮೆಯಿತ್ತು! 2015ರ ನೀತಿಯಲ್ಲಿ ಗುರಿ 40 ಕೋಟಿಗೆ ಇಳಿಯಿತು. ಈ ನಡುವೆ ಜಿಲ್ಲೆ ಜಿಲ್ಲೆಗೂ ಕೌಶಲದ ಕೊರತೆ ಎಷ್ಟೆಂದು ಹತ್ತು ವರ್ಷ ಮುಂದಕ್ಕೆ ಅಂದಾಜು ಮಾಡಿ ದಪ್ಪ ದಪ್ಪ ವರದಿಗಳೂ ಬಂದವು. ಕೋಲಾರದಂಥ ಜಿಲ್ಲೆಯನ್ನು ತೆಗೆದುಕೊಳ್ಳಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ಎದ್ದಿತು. ಎರಡನ್ನೂ ಹತ್ತು ವರ್ಷ ಮೊದಲು ಬರೆದಿಡಬಲ್ಲ ಪಂಡಿತ ಯಾರಿದ್ದಾರೆ? ಅದೇ ಕಾರ್ಖಾನೆಯಲ್ಲಿ 2020ರ ಡಿಸೆಂಬರಿನಲ್ಲಿ ಗಲಭೆ ಎದ್ದದ್ದು ಸಂಬಳ ಸರಿಯಾಗಿ ಕೈಸೇರಲಿಲ್ಲವೆಂಬ ಸಿಟ್ಟಿಗೆ. ಕೌಶಲದ ಅಂದಾಜು ಪಟ್ಟಿಗಳಲ್ಲಿ ಅಂಥ ಕಾರಣಕ್ಕೆ ಕಾಲಮ್ಮೇ ಇರುವುದಿಲ್ಲ.

ಇನ್ನೊಂದು ತೊಡಕು, ಮುನ್ನಂದಾಜನ್ನು ನಂಬಿದವರೇ ಅದನ್ನು ಸುಳ್ಳು ಮಾಡುತ್ತಾರೆ. ಕೋಲಾರದ ರೈತರಿಗೆ ಇದನ್ನು ವಿವರಿಸಬೇಕಿಲ್ಲ. 2023ರ ಜುಲೈಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತ್ತು. ಆ ಬೆಲೆ ನೋಡಿ ನಾಟಿ ಮಾಡಿದವರ ಫಸಲು ಮಾರುಕಟ್ಟೆಗೆ ಬರುವಾಗ ಆ ಬೆಲೆ ಎಲ್ಲಿತ್ತು? ಎಂಜಿನಿಯರಿಂಗ್ ಸೀಟಿನ ಕಥೆಯೂ ಅದೇ. ಕೊರೊನಾ ನಂತರ ಐಟಿ ಕಂಪನಿಗಳು ಮುಗಿಬಿದ್ದು ಜನರನ್ನು ತೆಗೆದುಕೊಂಡವು, ಖಾಸಗಿ ಕಾಲೇಜುಗಳು ಸಿವಿಲ್, ಮೆಕ್ಯಾನಿಕಲ್ ಸೀಟು ಇಳಿಸಿ ಕಂಪ್ಯೂಟರ್ ಸೈನ್ಸ್ ಏರಿಸಿದವು. 2023-24ರಲ್ಲಿ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಮೂರೂ ಸೇರಿ ಸುಮಾರು 64,000 ಉದ್ಯೋಗಿಗಳಷ್ಟು ಕುಗ್ಗಿದವು. ಸೀಟು ತುಂಬಿದ ಮಕ್ಕಳು ಆಗಿನ್ನೂ ಎರಡನೆಯ ವರ್ಷದಲ್ಲಿದ್ದರು.

ಹಾಗಾದರೆ ಮುನ್ನಂದಾಜು ಬೇಡವೆ? ಬೇಕು, ಆದರೆ ಹತ್ತು ವರ್ಷದ ಭವಿಷ್ಯ ಬೇಡ. ಒಂದೆರಡು ವರ್ಷದ್ದು, ಒಂದು ಜಿಲ್ಲೆಯದ್ದು, ಪ್ರತಿ ವರ್ಷ ತಿದ್ದುವಂಥದ್ದು ಸಾಕು. ಎಲ್ಲರೂ ಹೊಗಳುವ ಜರ್ಮನಿಯಲ್ಲಿ ಎಷ್ಟು ಮಂದಿ ಮೆಕ್ಯಾನಿಕ್ ಬೇಕೆಂದು ಸರ್ಕಾರ ಸೀಟು ಹಂಚುವುದಿಲ್ಲ. ಕಂಪನಿ ಮೊದಲು ಹುಡುಗನ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ, ಸಂಬಳ ಕೊಡುತ್ತದೆ. ಅವನು ವಾರದ ಕೆಲವು ದಿನ ಕಾರ್ಖಾನೆಯಲ್ಲಿ, ಉಳಿದ ದಿನ ವೃತ್ತಿಶಾಲೆಯಲ್ಲಿ ಮೂರು-ಮೂರೂವರೆ ವರ್ಷ ಕಲಿಯುತ್ತಾನೆ. ಕಂಪನಿ ತನ್ನ ಜೇಬಿನಿಂದ ಹಣ ಹಾಕಿ ತೆರೆಯುವ ಜಾಗವೇ ಅಲ್ಲಿನ ಮುನ್ಸೂಚನೆ. ಇದಕ್ಕೂ ದೋಷವಿದೆ, ವ್ಯಾಪಾರ ಇಳಿದ ವರ್ಷ ಜಾಗಗಳೂ ಇಳಿಯುತ್ತವೆ. ಆದರೂ ಕಚೇರಿಯಲ್ಲಿ ಕುಳಿತು ಬರೆದ ಲೆಕ್ಕಕ್ಕಿಂತ ಅದು ಬೇಗ ತಿದ್ದಿಕೊಳ್ಳುತ್ತದೆ.

ನಮ್ಮಲ್ಲೂ ಕೈಗೆಟುಕುವ ಮಾಹಿತಿಯಿದೆ. ಭವಿಷ್ಯನಿಧಿ ಸಂಸ್ಥೆ 2018ರಿಂದ ಪ್ರತಿ ತಿಂಗಳೂ ಹೊಸ ಸದಸ್ಯರ ಲೆಕ್ಕವನ್ನು ವಯಸ್ಸಿನ ಸಮೇತ ಪ್ರಕಟಿಸುತ್ತಿದೆ. ಐಟಿಐ ಮುಗಿಸಿದವನ ಒಪ್ಪಿಗೆ ಪಡೆದು ಅವನ ನೋಂದಣಿ ಸಂಖ್ಯೆಯನ್ನು ಪಿಎಫ್ ಸಂಖ್ಯೆಗೆ ಜೋಡಿಸಿದರೆ ಯಾವ ಊರಿನ ಯಾವ ಟ್ರೇಡಿನವರು ಸಂಬಳದ ಕೆಲಸ ಹಿಡಿದರೆಂದು ವರ್ಷದೊಳಗೆ ಗೊತ್ತಾಗುತ್ತದೆ. ಪಿಎಫ್ ಇಲ್ಲದ ಸಣ್ಣ ವರ್ಕ್‌ಶಾಪು, ಸ್ವಂತ ಉದ್ಯೋಗ ಇದರಲ್ಲಿ ಸಿಗುವುದಿಲ್ಲ, ಅಲ್ಲಿಗೆ ಫೋನ್ ಮಾಡಿ ಕೇಳಬೇಕು. ಜ್ಯೋತಿಷ್ಯಕ್ಕಿಂತ ಇದು ಅಗ್ಗ.

‘ಪ್ರಮಾಣಪತ್ರ ಸಿಕ್ಕಿತೆಂದರೆ ಕೆಲಸ ಸಿಕ್ಕಂತೆ’

ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರಲ್ಲಿ ಶುರುವಾಯಿತು. ಮೊದಲ ಮೂರು ಹಂತಗಳ ಅಲ್ಪಾವಧಿ ತರಬೇತಿಯಲ್ಲಿ ಪ್ರಮಾಣಪತ್ರ ಪಡೆದ ಐವರಲ್ಲಿ ಸುಮಾರು ಇಬ್ಬರಿಗೆ ಕೆಲಸ ಸಿಕ್ಕಿದೆ ಎಂಬುದು ಸರ್ಕಾರವೇ ಕೊಟ್ಟ ಲೆಕ್ಕ. ಐಟಿಐ ಮುಗಿಸಿದವರ ಬೆನ್ನುಹತ್ತಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 63.5 ಮಂದಿ ಉದ್ಯೋಗದಲ್ಲಿದ್ದರು. ಕೆಲವು ವಾರಗಳ ಕೋರ್ಸಿಗೂ ಎರಡು ವರ್ಷದ ಕಲಿಕೆಗೂ ಇರುವ ಅಂತರ ಇಲ್ಲಿ ಕಾಣುತ್ತದೆ.

ಅಲ್ಪಾವಧಿಯೆಂದ ಮಾತ್ರಕ್ಕೆ ವ್ಯರ್ಥ ಎಂದೇನಿಲ್ಲ. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಕೆಲವೇ ವಾರಗಳಲ್ಲಿ ಟೈಲರಿಂಗ್, ಮೊಬೈಲ್ ರಿಪೇರಿ, ಹೈನುಗಾರಿಕೆ ಕಲಿಸುತ್ತದೆ. ಆದರೆ ತರಬೇತಿ ಮುಗಿದ ಮೇಲೂ ಕಲಿತವರ ಸಂಪರ್ಕದಲ್ಲಿದ್ದು ಸಾಲ, ಸಲಹೆಗೆ ಜೊತೆ ನಿಲ್ಲುವುದು ಅದರ ಪದ್ಧತಿ. ಆ ಮಾದರಿಯ ಮೇಲೆಯೇ ಈಗ ದೇಶದ ಬಹುತೇಕ ಎಲ್ಲ ಜಿಲ್ಲೆಗಳಲ್ಲಿ ಬ್ಯಾಂಕುಗಳ ಸ್ವಉದ್ಯೋಗ ತರಬೇತಿ ಕೇಂದ್ರಗಳು ನಡೆಯುತ್ತಿವೆ. ಕನ್ನಡ ನಾಡು ದೇಶಕ್ಕೆ ಕೊಟ್ಟ ಈ ಪದ್ಧತಿ ನಮ್ಮ ಕೌಶಲ ಮೇಳಗಳ ಭಾಷಣಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ.

‘ಹೊಸ ಯಂತ್ರ ಬಂದರೆ ಐಟಿಐ ಸುಧಾರಿಸಿತು’

2022ರ ಜೂನ್‌ನಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿ ಯೋಜನೆಯಲ್ಲಿ ಮೇಲ್ದರ್ಜೆಗೇರಿಸಿ ಉದ್ಘಾಟಿಸಲಾಯಿತು. ರೋಬಾಟ್, ಸಿಎನ್‌ಸಿ, ತ್ರೀಡಿ ಪ್ರಿಂಟರ್ ಎಲ್ಲ ಬಂದವು. ಬೇಕಾಗಿತ್ತು, ಐವತ್ತು ವರ್ಷ ಹಳೆಯ ಲೇತಿನ ಮೇಲೆ ಎಷ್ಟು ದಿನ ಕಲಿಸುವುದು? ಆದರೆ ಲೆಕ್ಕ ಸರಳ: ಒಂದು ಯಂತ್ರ, 20 ಮಕ್ಕಳ ಬ್ಯಾಚು, ನಾಲ್ಕು ಗಂಟೆ ಪ್ರಾಯೋಗಿಕ ಎಂದರೆ ತಲೆಗೆ 12 ನಿಮಿಷ.

ಫಿಟ್ಟರ್ ಟ್ರೇಡಿನ ಮೊದಲ ತಿಂಗಳುಗಳನ್ನು ನೋಡಿದವರಿಗೆ ಗೊತ್ತು. ವೈಸಿಗೆ ಕಬ್ಬಿಣದ ತುಂಡು ಕಚ್ಚಿಸಿ ದಿನವಿಡೀ ಅರ ಹಾಕಿ ಉಜ್ಜಬೇಕು. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ತೂರಬಾರದು. ಹೊಸಬರ ತುಂಡು ಯಾವಾಗಲೂ ನಡುವೆ ಉಬ್ಬಿ, ಅಂಚಿನಲ್ಲಿ ಸವೆದಿರುತ್ತದೆ, ಏಕೆಂದರೆ ಅರವನ್ನು ಮುಂದೆ ತಳ್ಳುವಾಗ ಕೈ ತೊಟ್ಟಿಲಿನಂತೆ ತೂಗುತ್ತದೆ. ಹುಡುಗನಿಗೆ ಅದು ತಿಳಿಯುವುದಿಲ್ಲ. ಪಕ್ಕದಲ್ಲಿ ನಿಂತು ಮೊಣಕೈ ಹಿಡಿದು ‘ಇಲ್ಲಿ ಇಳಿಸಬೇಡ, ನೇರ ತಳ್ಳು’ ಎನ್ನುವ ಬೋಧಕ ಬೇಕು. ಅಂಥ ಬೋಧಕರ ಹುದ್ದೆ ಖಾಲಿ ಬಿಟ್ಟು, ಅತಿಥಿ ಬೋಧಕರಿಗೆ ತಿಂಗಳುಗಟ್ಟಲೆ ಗೌರವಧನ ಬಾಕಿಯಿಟ್ಟು ಯಂತ್ರಕ್ಕೆ ಮಾತ್ರ ಪೂಜೆ ಮಾಡಿದರೆ ಪ್ರಯೋಜನವಿಲ್ಲ. ಒಂದು ಸಾವಿರ ಸರ್ಕಾರಿ ಐಟಿಐಗಳಿಗೆ 60,000 ಕೋಟಿಯ ಹೊಸ ಯೋಜನೆಗೆ ಕೇಂದ್ರ ಸಂಪುಟ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ಬೋಧಕರ ಪಾಲೆಷ್ಟು ಎಂಬುದನ್ನೇ ನಾನು ಮೊದಲು ನೋಡುವುದು.

ಐಟಿಐ ಸೇರಿದರೆ ಮುಂದೆ ಓದಲಾಗದು ಎಂಬ ಭಯಕ್ಕೆ ಹೆಚ್ಚು ಮಾತು ಬೇಕಿಲ್ಲ. ಎಸ್‌ಎಸ್‌ಎಲ್‌ಸಿ ಆಗಿ ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ದಾರಿಯಿದೆ, ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಬಿಇ ಎರಡನೆಯ ವರ್ಷಕ್ಕೂ ಸೇರಬಹುದು.

ಅಪ್ರೆಂಟಿಸ್ ಎಂದರೆ ಅಗ್ಗದ ಕೂಲಿ ಎಂಬ ಮಾತು ಮಾತ್ರ ಕಾರ್ಖಾನೆಯಿಂದ ಕಾರ್ಖಾನೆಗೆ ಸುಳ್ಳೂ ಹೌದು, ನಿಜವೂ ಹೌದು. 1961ರ ಕಾಯ್ದೆಯಡಿ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು, ಸ್ಟೈಪೆಂಡ್ ಕೊಡಲೇಬೇಕು. ವರ್ಷವಿಡೀ ಒಂದೇ ಪ್ಯಾಕಿಂಗ್ ಮೇಜಿನಲ್ಲಿ ನಿಲ್ಲಿಸಿದರೆ ಅದು ಕೂಲಿಯೇ. ಮೂರು ನಾಲ್ಕು ವಿಭಾಗ ಸುತ್ತಿಸಿ ಕಲಿಸಿದರೆ ಅದಕ್ಕಿಂತ ಒಳ್ಳೆಯ ಶಾಲೆಯಿಲ್ಲ.

ಈ ವರ್ಷ ಮಗನನ್ನೋ ಮಗಳನ್ನೋ ಐಟಿಐಗೆ ಸೇರಿಸುವವರಿದ್ದರೆ ಕಟ್ಟಡದ ಬಣ್ಣ ನೋಡಬೇಡಿ. ಆ ಟ್ರೇಡಿಗೆ ಕಾಯಂ ಬೋಧಕರಿದ್ದಾರೆಯೆ, ಮಗುವಿಗೆ ದಿನಕ್ಕೆ ಎಷ್ಟು ಹೊತ್ತು ಯಂತ್ರ ಸಿಗುತ್ತದೆ ಎಂದು ಕೇಳಿ. ಕಳೆದ ವರ್ಷ ಮುಗಿಸಿದವರು ಈಗ ಎಲ್ಲಿ, ಎಷ್ಟು ಸಂಬಳಕ್ಕೆ ಇದ್ದಾರೆಂದು ಪ್ರಾಂಶುಪಾಲರನ್ನೇ ಕೇಳಿ. ಉತ್ತರ ಗೊತ್ತಿಲ್ಲ ಎಂದರೆ ಅರ್ಜಿ ತುಂಬುವ ಮೊದಲು ಪಕ್ಕದ ತಾಲ್ಲೂಕಿನ ಐಟಿಐಯನ್ನೂ ವಿಚಾರಿಸಿ ಬನ್ನಿ.