ಹಳೆಯ ಲ್ಯಾಂಡ್ ರೋವರ್‌ಗಳ ಚಾಸಿ ದುರಸ್ತಿ
ಲ್ಯಾಂಡ್ ರೋವರ್ 1948ರ ಆಮ್‌ಸ್ಟರ್‌ಡ್ಯಾಂ ಮೋಟಾರು ಪ್ರದರ್ಶನದಲ್ಲಿ ಮೊದಲು ಅನಾವರಣಗೊಂಡ ಬ್ರಿಟಿಷ್ ವಾಹನ. ಯುದ್ಧಾನಂತರ ಉಕ್ಕಿನ ಅಭಾವವಿದ್ದುದರಿಂದ ಇದರ ಹೊರಮೈಯನ್ನು ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹದಿಂದ ರೂಪಿಸಲಾಯಿತು. ಚಾಸಿ ಮಾತ್ರ ಉಕ್ಕಿನದು. ಆದಕಾರಣ ಹಳೆಯ ವಾಹನದ ಹೊರಮೈ ಸುಸ್ಥಿತಿಯಲ್ಲಿ ಕಂಡರೂ ಚಾಸಿ ಶಿಥಿಲವಾಗಿರಬಹುದು.

ಟೊಳ್ಳಾದ ಚಾಸಿಯೊಳಗೆ ನೀರು, ಕೆಸರು ನಿಂತು ತುಕ್ಕು ಒಳಗಿನಿಂದಲೇ ಹಬ್ಬುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಉಕ್ಕು ಖಣಿಲೆನ್ನುತ್ತದೆ; ತುಕ್ಕು ತಿಂದ ಭಾಗದ ಸದ್ದು ಮಂದವಾಗಿರುತ್ತದೆ. ಉಕ್ಕು, ಅಲ್ಯೂಮಿನಿಯಂ ಕೂಡುವಲ್ಲಿ ತೇವ ಸೇರಿದರೆ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಅಲ್ಯೂಮಿನಿಯಂ ಬಿಳಿಯ ಪುಡಿಯಾಗುತ್ತದೆ.

ಸವೆದ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ, ಹೊಸ ಉಕ್ಕನ್ನು ಬೆಸೆಯಬೇಕು. ತುಕ್ಕಿನ ಮೇಲೆ ಹಾಕಿದ ತೇಪೆ ನಿಲ್ಲದು. ಸ್ಪ್ರಿಂಗುಗಳ ಆಧಾರವೂ ಚಾಸಿಯೇ ಆದ್ದರಿಂದ ಅದು ಮುರಿದರೆ ಪ್ರಾಣಾಪಾಯ ಸಂಭವಿಸಬಹುದು. ಎಂಜಿನ್, ಬಣ್ಣಗಳ ಕೆಲಸಕ್ಕಿಂತ ಮೊದಲು ಚಾಸಿಯ ಪರೀಕ್ಷೆ ನಡೆಯಬೇಕು.