ಜೋಡಿ ಬಾಣದ ಸುದ್ದಿಗೆ ಜಾಮೀನು ಯಾರು?

ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿ ಸಾಲಿನಲ್ಲಿ ಗುರುತಿಲ್ಲದವನಿಗೆ ಸಾಲ ಹುಟ್ಟುವುದಿಲ್ಲ. "ಎಲ್ಲಿ ಮನೆ? ಯಾರ ಕಡೆಯವ್ರು?" ಅಂತ ವಿಚಾರಿಸಿದ ಮೇಲೇ ಪುಸ್ತಕದಲ್ಲಿ ಬರೆಯೋದು. ಮೊಬೈಲಿಗೆ ಬಂದ ಸುದ್ದಿಗೆ ಮಾತ್ರ ಈ ತನಿಖೆ ಇಲ್ಲ. ಭಾವಮೈದ ಕಳಿಸಿದ್ದಾನೆ, ಸಾಕು! ಭಾವಮೈದ ಸತ್ಯವಂತನೇ ಇರಬಹುದು. ಅವನಿಗೆ ಕಳಿಸಿದವನು ಯಾರು?

ಹತ್ತು ರೂಪಾಯಿ ನಾಣ್ಯದ ಕತೆ ನೆನಪಿರಬೇಕಲ್ಲ? ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ ಎಂದು ವಾಟ್ಸಾಪ್ ಸಾರಿದ್ದೇ ತಡ, ರಾಜ್ಯದ ಎಷ್ಟೋ ಕಡೆ "ಇದು ನಡ್ಯಲ್ಲ, ನೋಟು ಕೊಡಿ" ಶುರುವಾಯಿತು. ನಾಣ್ಯಕ್ಕೆ ಆ ಚಿಹ್ನೆ ಬಂದದ್ದೇ 2011ರಲ್ಲಿ. ಅದಕ್ಕೂ ಮುಂಚಿನದ್ದರ ಮೇಲೆ ಎಲ್ಲಿಂದ ಬರಬೇಕು? 2016ರ ನವೆಂಬರಿನಲ್ಲೊಮ್ಮೆ, 2018ರ ಜನವರಿಯಲ್ಲಿ ಇನ್ನೊಮ್ಮೆ ರಿಸರ್ವ್ ಬ್ಯಾಂಕು ಪ್ರಕಟಣೆ ಹೊರಡಿಸಿತು. ಹತ್ತರ ನಾಣ್ಯದ 14 ನಮೂನೆಗಳೂ ಅಸಲಿಯೇ ಎಂದಿತು. ಆದರೂ ಬ್ಯಾಂಕಿನ ಮಾತಿಗಿಂತ ಭಾವಮೈದನ ಮಾತೇ ಜೋರಾಗಿ ಓಡಿತು.

ನಾಣ್ಯದಲ್ಲಿ ಹೋದದ್ದು ಚಿಲ್ಲರೆ. 2018ರ ಮೇ ತಿಂಗಳಲ್ಲಿ, ಇಲ್ಲಿಗೆ ಹತ್ತಿರದ ಚಾಮರಾಜಪೇಟೆಯಲ್ಲಿ, ಹೋದದ್ದು ಪ್ರಾಣ. ಮಕ್ಕಳ ಕಳ್ಳನೆಂದು ರಾಜಸ್ಥಾನದ ಯುವಕನನ್ನು ಜನ ಹೊಡೆದು ಕೊಂದರು. ಆ ದಿನಗಳಲ್ಲಿ ಮೊಬೈಲುಗಳಲ್ಲಿ ಹರಿದಾಡುತ್ತಿದ್ದ ವಿಡಿಯೋ ಒಂದರಲ್ಲಿ ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಪೋಷಕರನ್ನು ಎಚ್ಚರಿಸಲು ಮಾಡಿದ ಚಿತ್ರ! ಮಗುವನ್ನು ವಾಪಸು ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಹತ್ತು ಗ್ರೂಪಿನಲ್ಲಿ ಬಂತು ಅಂದರೆ ಹತ್ತು ಜನ ಕಣ್ಣಾರೆ ಕಂಡರು ಅಂತಲ್ಲ. ಕತ್ತರಿಸಿದವನು ಒಬ್ಬನೇ, ಮಿಕ್ಕವರೆಲ್ಲ ಅಂಚೆಯವರು.

ಸಾವುಗಳಾದ ಮೇಲೆ ಕಂಪನಿಗೆ ಬುದ್ಧಿ ಬಂತು. ಅದೇ ಜುಲೈನಲ್ಲಿ, ಬೇರೆ ಕಡೆಯಿಂದ ಬಂದ ಸಂದೇಶಕ್ಕೆ ಗುರುತು ಹಾಕಿತು. ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದು ಎಂದಿತು. 2019ರಲ್ಲಿ ಜೋಡಿ ಬಾಣ ಬಂತು. ಐದು ಅಥವಾ ಹೆಚ್ಚು ಕೈ ದಾಟಿ ಬಂದ ಸಂದೇಶಕ್ಕೆ ಈ ಬಾಣ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬೇಕೆಂಬ ಕಟ್ಟು 2020ರ ಏಪ್ರಿಲ್‌ನಲ್ಲಿ ಬಿತ್ತು. ಇಂಥ ಸಂದೇಶಗಳ ಓಡಾಟ ಶೇಕಡಾ 70ರಷ್ಟು ಇಳಿಯಿತು ಎಂದು ಕಂಪನಿಯೇ ಹೇಳಿಕೊಂಡಿತು.

ಆದರೆ ಬಾಣ ಹೇಳೋದು ಎಷ್ಟು ಓಡಿದೆ ಅಂತ ಮಾತ್ರ. ನೀರು ಬರಲ್ಲ ಎಂಬ ನಿಜವಾದ ಸೂಚನೆಗೂ ಅದೇ ಬಾಣ, ಹಸಿ ಸುಳ್ಳಿಗೂ ಅದೇ ಬಾಣ. ಇನ್ನೂ ಒಂದು ಸ್ವಾರಸ್ಯ: ಕಳಿಸುವ ಗುಂಡಿ ಒತ್ತದೆ ಅಕ್ಷರಗಳನ್ನು ಕಾಪಿ ಮಾಡಿ ಅಂಟಿಸಿದರೆ ಬಾಣವೇ ಮಾಯ! ಭಾವಮೈದನೇ ಕೂತು ಬರೆದಂತೆ ಕಾಣುತ್ತದೆ.